ನಾಲ್ಕನೇ ಸ್ಪ್ಯಾನಿನ ಗೆರೆ

ಫೋಟೋ ಅಕ್ಕನಿಗೆ ಈಜು ಬರುತ್ತಿರಲಿಲ್ಲ. ಹಾಗಿದ್ದೂ ಹತ್ತೊಂಬತ್ತು ವರ್ಷದಿಂದ ಅವರು ದೋಣಿಯಲ್ಲಿ ಅಂಗಾತ ಮಲಗಿಯೇ ಹೊಟ್ಟೆ ಹೊರೆಯುತ್ತಿದ್ದರು. ಸೇತುವೆಗಳ ಅಡಿಭಾಗದ ಫೋಟೋ ತೆಗೆಯುವುದು ಅವರ ಕೆಲಸ. ಮೇಲೆ ಬಸ್ಸು ಲಾರಿಗಳು ಗುಡುಗುತ್ತಿದ್ದರೆ, ಕೆಳಗಿನ ಮಬ್ಬಿನಲ್ಲಿ ಬೆನ್ನಿಗೊಂದು ಹಳೇ ಕಂಬಳಿ ಹಾಸಿಕೊಂಡು, ಎದೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು, ಕಾಂಕ್ರೀಟಿನ ತೊಲೆಗಳನ್ನು ಅಡಿ ಅಡಿಯಾಗಿ ನೋಡುತ್ತ ಹೋಗುತ್ತಿದ್ದರು. ಎಲ್ಲಿ ಬಿರುಕು, ಎಲ್ಲಿ ನೀರಿನ ಕಲೆ, ಎಲ್ಲಿ ಕಬ್ಬಿಣ ತುಕ್ಕು ಹಿಡಿದು ಹೊರಗೆ ಇಣುಕುತ್ತಿದೆ, ಎಲ್ಲವೂ ಅವರ ಫೋಟೋದಲ್ಲಿ ಬರಬೇಕು.

"ನೀವು ನೀರಿಗೆ ಬಿದ್ರೆ ಮೊದ್ಲು ಯಾರನ್ನ ಎತ್ಲಿ? ನಿಮ್ಮನ್ನೋ ಕ್ಯಾಮೆರಾನೋ?" ಎಂದು ದೋಣಿಯ ತಾತ ಪ್ರತಿ ಸಲ ಕೇಳುತ್ತಿದ್ದ.

"ಕ್ಯಾಮೆರಾ ಒಳಗಿರೋ ಕಾರ್ಡ್ ಎತ್ತು ತಾತ. ಕ್ಯಾಮೆರಾ ಇನ್ನೊಂದು ಬರುತ್ತೆ, ಫೋಟೋ ಬರಲ್ಲ."

ನಾನು ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಕಚೇರಿ ಎಂದರೆ ದೊಡ್ಡದೇನಲ್ಲ. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಬೆಳಗ್ಗೆ ಬ್ರೆಡ್ಡಿನ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಒಲೆಯ ಬಿಸಿಗೆ ನೆಲವೇ ಕಾಯುತ್ತಿತ್ತು. ಸೇತುವೆ, ನೀರಿನ ಟ್ಯಾಂಕು, ಹಳೇ ಕಟ್ಟಡಗಳನ್ನು ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವುದು ನಮ್ಮ ಕೆಲಸ. ಒಳಕೋಣೆಯಲ್ಲಿ ಎಂಜಿನಿಯರ್ ಸಾರ್ ಕೂರುತ್ತಿದ್ದರು. ಹೊರಗೆ ನಾನು, ಕಿಟಕಿಯ ಪಕ್ಕ ಫೋಟೋ ಅಕ್ಕ. ಸಾರ್ ಅಂದರೆ ಫೋಟೋ ಅಕ್ಕನ ಒಡಹುಟ್ಟಿದ ಅಣ್ಣ.

ಆ ಅಣ್ಣ ತಂಗಿಯನ್ನು ನೋಡುವುದೇ ಒಂದು ಚೆಂದ. ಅವರಿಗೂ ಇವರಿಗೂ ಹನ್ನೊಂದು ವರ್ಷದ ಅಂತರ. ಅಪ್ಪನದು ಸ್ಟುಡಿಯೋ ಇತ್ತಂತೆ. ಅಕ್ಕನಿಗೆ ಒಂಬತ್ತು ತುಂಬಿದಾಗ ಅಪ್ಪ ತೀರಿಕೊಂಡರು. ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಸ್ಟೂಲಿನ ಮೇಲೆ ತಂಗಿಯನ್ನು ನಿಲ್ಲಿಸಿ ಫೋಟೋ ತೊಳೆಯುವುದನ್ನು ಹೇಳಿಕೊಟ್ಟವನು ಅಣ್ಣ. ಅವಳ ಫೀಸು, ಅವಳ ಮೊದಲ ಕ್ಯಾಮೆರಾ, ಕೊನೆಗೆ ಅವಳಿಗೆ ಈ ಕೆಲಸ, ಎಲ್ಲ ಅವನ ಕೈಯಿಂದಲೇ. ಐವತ್ತರ ಹೊಸ್ತಿಲಲ್ಲಿದ್ದ ತಂಗಿಯನ್ನು ಅವರು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಮದುವೆ ಬೇಡ ಎಂದು ಅಕ್ಕ ಕಡ್ಡಿ ಮುರಿದ ಹಾಗೆ ಹೇಳಿದಾಗ, ಇಡೀ ಬಳಗ ಮೂಗು ಮುರಿದರೂ, "ಅವಳ ಪಾಡಿಗೆ ಅವಳನ್ನ ಬಿಡಿ" ಎಂದವರು ಅವರೊಬ್ಬರೇ. ಹಾಗಾಗಿ ಅಣ್ಣ ಏನು ಹೇಳಿದರೂ ಅಕ್ಕನಿಗೆ ಅದು ಕಲ್ಲಿನ ಮೇಲೆ ಕೊರೆದ ಮಾತು. ಅಣ್ಣ ಹೊರಗೆ ಬಿಸಿಲಿದೆ ಅಂದರೆ ಕಿಟಕಿಯ ಕಡೆ ತಿರುಗಿಯೂ ನೋಡದೆ ಕೊಡೆ ಬಿಟ್ಟು ಹೋಗುವವರು.

ನಾನು ಹೇಳಹೊರಟ ವಿಷಯ ನಡೆಯುವುದಕ್ಕೆ ಮೂರು ವರ್ಷ ಮೊದಲು ಅಕ್ಕನ ಹಳೇ ಕ್ಯಾಮೆರಾ ಕೆಟ್ಟು ನಿಂತಿತು. ಶಟರ್ ಕೈಕೊಟ್ಟಿತ್ತು. ರಿಪೇರಿಯವನು ಬಿಚ್ಚಿ ನೋಡಿ, ಇದಕ್ಕೆ ಜೀವ ಬರಲ್ಲ, ಬಿಡಿಭಾಗಕ್ಕಾದರೂ ಆಗುತ್ತೆ ಎಂದು ಇಟ್ಟುಕೊಂಡ. ಅದು ಹನ್ನೆರಡು ಮೆಗಾಪಿಕ್ಸೆಲ್‌ನದು. ಹೊಸದು ಬಂತು, ನಲವತ್ತೆಂಟರದು. ನನಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ. ಮೊದಲ ವಾರ ಅಕ್ಕ ಕಂಪ್ಯೂಟರಿನ ಮುಂದೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮಬ್ಬಿನಲ್ಲಿ ತೆಗೆದ ಫೋಟೋವನ್ನು ದೊಡ್ಡದು ಮಾಡಿದರೆ ಮೇಲೆಲ್ಲ ಬಣ್ಣಬಣ್ಣದ ಚುಕ್ಕಿ. ಅದಕ್ಕೆ ನಾಯ್ಸ್ ಅನ್ನುತ್ತಾರೆ. ಅಕ್ಕ ಮಾತ್ರ ಮರಳು ಅನ್ನುತ್ತಿದ್ದರು.

"ಹೊಸದು ಅಂತೀರಿ, ಹಳೇದಕ್ಕಿಂತ ಜಾಸ್ತಿ ಮರಳು ಬಂದಿದೆಯಲ್ಲ ಅಕ್ಕ?" ಎಂದೆ.

ಅಕ್ಕ ನಮ್ಮ ಬಾಗಿಲ ಬಳಿಯ ಬೆಂಚು ತೋರಿಸಿದರು. "ಆ ಬೆಂಚಲ್ಲಿ ಮೂರು ಜನ ಆರಾಮಾಗಿ ಕೂರ್ತಾರೆ ಅಂತ ಇಟ್ಕೋ. ಅದೇ ಬೆಂಚಿಗೆ ಹನ್ನೆರಡು ಜನರನ್ನ ತುರುಕಿದ್ರೆ? ಬೆಂಚು ಬೆಳೆಯಲ್ಲ. ಒಬ್ಬೊಬ್ಬರಿಗೆ ಸಿಗೋ ಜಾಗ ಕಾಲು ಭಾಗ ಆಗುತ್ತೆ. ಇದರೊಳಗೆ ಬೆಳಕು ಹಿಡಿಯೋ ಸೆನ್ಸರ್ರೂ ಹಾಗೇನೇ. ಅಳತೆ ಹಳೇದ್ರಷ್ಟೇ, ಅದರಲ್ಲಿ ನಾಲ್ಕು ಪಟ್ಟು ಪಿಕ್ಸೆಲ್ ಕೂರಿಸಿದಾರೆ. ಒಂದೊಂದಕ್ಕೂ ಬೀಳೋ ಬೆಳಕು ಕಡಿಮೆ. ಮಬ್ಬಲ್ಲಿ ಬೆಳಕೇ ಇಷ್ಟು, ಅದರಲ್ಲಿ ಕಾಲು ಪಾಲು. ಪಾಪ, ಒಂದೊಂದೂ ಬಾಯಿಗೆ ಬಂದದ್ದು ಹೇಳುತ್ತೆ."

"ಹಾಗಾದ್ರೆ ಹಳೇದೇ ವಾಸಿ ಅನ್ನಿ."

"ಅಲ್ಲೇ ಇರೋದು. ಒಬ್ಬೊಬ್ಬನನ್ನೇ ಕರೆದು ಕಿವಿಕೊಟ್ರೆ ಹುಚ್ಚರ ಥರಾ ಕಾಣ್ತಾರೆ. ಅಕ್ಕಪಕ್ಕದ ನಾಲ್ಕು ಜನರ ಮಾತನ್ನ ಸೇರಿಸಿ ಕೇಳು, ಹಳೇ ಒಬ್ಬ ಹೇಳಿದ್ದಷ್ಟೇ ಸರಿಯಾಗಿ ಹೇಳ್ತಾರೆ." ಎರಡೂ ಫೋಟೋಗಳನ್ನು ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟು ತೋರಿಸಿದರು. ನಿಜ, ಮರಳಿನಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲ. ಹೊಸದರಲ್ಲಿ ಕಾಂಕ್ರೀಟಿನ ಕೂದಲೆಳೆಯ ಗೀರುಗಳು ಮಾತ್ರ ಹೆಚ್ಚು ಸ್ಪಷ್ಟವಾಗಿದ್ದವು.

ಒಳಕೋಣೆಯಿಂದ ಸಾರ್ ಇಣುಕಿ, "ಏನಮ್ಮಾ, ನಮ್ಮ ಪುಟ್ಟಿ ಪಾಠ ಶುರು ಮಾಡಿದ್ಲಾ? ಇದೆಲ್ಲ ನಾನು ಹೇಳಿಕೊಟ್ಟಿದ್ದು ಕಣಮ್ಮ. ಸ್ಟೂಲ್ ಮೇಲೆ ನಿಲ್ಲಿಸಿಕೊಂಡು, ಯಾವುದು ಮರಳು, ಯಾವುದು ಗೆರೆ ಅಂತ" ಎಂದು ನಕ್ಕರು. ಅಕ್ಕನೂ ನಕ್ಕರು. ನಾನು ಆ ನಗುವನ್ನು ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಸಾರ್‌ಗೆ ಎಲ್ಲ ಗೊತ್ತಿತ್ತು.

ಮೂರು ವರ್ಷ ಕಳೆದ ಮೇಲಿನ ಮಾತು. ನದಿಯ ದೊಡ್ಡ ಸೇತುವೆಯ ಪರೀಕ್ಷೆ ಬಂತು. ಅದು ಎರಡು ವರ್ಷಕ್ಕೊಮ್ಮೆ ನಮ್ಮ ಪಾಲಿಗೆ ಬರುವ ಕೆಲಸ. ಏಳು ಸ್ಪ್ಯಾನಿನ ಸೇತುವೆ ಅದು. ಎರಡು ಕಂಬಗಳ ನಡುವಿನ ಒಂದೊಂದು ಭಾಗಕ್ಕೆ ನಮ್ಮಲ್ಲಿ ಸ್ಪ್ಯಾನ್ ಅನ್ನುತ್ತೇವೆ. ನಾಲ್ಕನೆಯದು ನಟ್ಟನಡುವೆ, ನೀರು ಆಳವಾಗಿ ಸುಳಿಯುವ ಕಡೆ. ಅಲ್ಲಿ ದೋಣಿ ನಿಲ್ಲುವುದಿಲ್ಲ, ಓಲಾಡುತ್ತದೆ. ದೋಣಿ ಅಲುಗಿದರೆ ಫೋಟೋ ಕಲೆಸಿಹೋಗುತ್ತದೆ, ಹಾಗಾಗಿ ಶಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಬೇಕು. ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕೇ ಕಡಿಮೆ. ಫ್ಲಾಶ್ ಹೊಡೆದರೆ ನೇರ ಬೆಳಕಿಗೆ ಸಣ್ಣ ಬಿರುಕಿನ ನೆರಳೇ ಅಳಿಸಿಹೋಗುತ್ತದೆ. ಹಾಗಾಗಿ ಮರಳು ಬಿದ್ದರೆ ಬೀಳಲಿ ಎಂದು ಅಕ್ಕ ಇರುವ ಬೆಳಕಿನಲ್ಲೇ ತೆಗೆದರು.

ಮಾರನೇ ದಿನ ಹನ್ನೆರಡೂವರೆಗೆ ಅಕ್ಕ ನನ್ನನ್ನು ಕರೆದರು. ಪರದೆಯ ಮೇಲೆ ಬೂದು ಬಣ್ಣದ ಕಾಂಕ್ರೀಟು, ಅದರ ಮೇಲೆಲ್ಲ ಮರಳು, ಮರಳಿನ ನಡುವೆ ಓರೆಯಾಗಿ ಒಂದು ಗೆರೆ. "ಇದು ಕಾಣುತ್ತಾ ನಿಂಗೆ?" ಎಂದರು. ಕಂಡಿತು. ಅದೇ ಜಾಗದ ಆರು ಫೋಟೋ ತೆಗೆದಿದ್ದರು, ಆರರಲ್ಲೂ ಗೆರೆ ಇತ್ತು. ಕಂಬದ ಹತ್ತಿರ ಓರೆಯಾಗಿ ಬೀಳುವ ಬಿರುಕು ಒಳ್ಳೆಯದಲ್ಲ ಎನ್ನುವುದು ಹತ್ತು ವರ್ಷ ರಿಪೋರ್ಟ್ ಟೈಪ್ ಮಾಡಿದ ನನಗೂ ಗೊತ್ತಿತ್ತು.

ಅಕ್ಕ ಒಳಗೆ ಹೋಗಿ ಅಣ್ಣನಿಗೆ ತೋರಿಸಿದರು. ಸಾರ್ ಬಹಳ ಹೊತ್ತು ನೋಡಿದರು. "ಆಯ್ತು, ನಾನು ನೋಡ್ಕೋತೀನಿ. ಯಾರ ಹತ್ರಾನೂ ಹೇಳೋಕೆ ಹೋಗಬೇಡ ಈಗ್ಲೇ, ಸುಮ್ನೆ ಗಾಬರಿ ಆಗ್ತಾರೆ" ಎಂದರು. ಅಕ್ಕ ನಿಶ್ಚಿಂತೆಯಿಂದ ಹೊರಗೆ ಬಂದು ಡಬ್ಬಿ ಬಿಚ್ಚಿ ಊಟಕ್ಕೆ ಕೂತರು. ಅಣ್ಣ ನೋಡಿಕೊಳ್ಳುತ್ತೇನೆ ಅಂದ ಮೇಲೆ ಆಯಿತಲ್ಲ.

ಎಂಟು ದಿನವಾದ ಮೇಲೆ ಸೇತುವೆ ವಿಭಾಗದ ಕಚೇರಿಯಲ್ಲಿ ಮೀಟಿಂಗು. ಅಲ್ಲಿನ ಮುಖ್ಯ ಎಂಜಿನಿಯರ್ ಒಬ್ಬರು ಹೆಂಗಸು, ಮಾತು ಕಡಿಮೆ, ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಬರೆದುಕೊಳ್ಳಲು ನಾನೂ ಹೋಗಿದ್ದೆ. ಉದ್ದನೆಯ ಮೇಜು, ಗೋಡೆಯಲ್ಲಿ ದೊಡ್ಡ ಪರದೆ. ಸಾರ್ ಏಳೂ ಸ್ಪ್ಯಾನ್ ವಿವರಿಸುತ್ತ ನಾಲ್ಕನೆಯದಕ್ಕೆ ಬಂದರು. ಗೆರೆಯಿದ್ದ ಫೋಟೋ ಹಾಕಿದರು.

"ಇಲ್ಲೊಂದು ಗೆರೆ ಥರಾ ಕಾಣುತ್ತೆ ಮೇಡಂ. ನಮ್ಮ ಫೋಟೋಗ್ರಾಫರ್ ಬಿರುಕು ಅಂದ್ಕೊಂಡ್ರು. ಆದ್ರೆ ನೋಡಿ." ಫೋಟೋವನ್ನು ಒಂದೊಂದು ಪಿಕ್ಸೆಲ್ ಕಾಣುವಷ್ಟು ದೊಡ್ಡದು ಮಾಡಿದರು. ಗೋಡೆಯ ತುಂಬ ಮರಳು. ಕೆಂಪು, ಹಸಿರು, ನೀಲಿ ಚುಕ್ಕಿಗಳ ಜಾತ್ರೆಯಲ್ಲಿ ಗೆರೆ ಚೂರುಚೂರಾಗಿ ಕಾಣೆಯಾಯಿತು. "ಹೊಸ ಕ್ಯಾಮೆರಾ. ಪಿಕ್ಸೆಲ್ ಜಾಸ್ತಿ ತುಂಬಿದಾರೆ, ನಾಯ್ಸ್ ಜಾಸ್ತಿ. ಇದೇ ಜಾಗದ ಎರಡು ವರ್ಷದ ಹಿಂದಿನ ಫೋಟೋ ಇಲ್ಲಿದೆ, ಹಳೇ ಕ್ಯಾಮೆರಾದ್ದು." ಪಕ್ಕದಲ್ಲಿ ಇನ್ನೊಂದು ಫೋಟೋ ಬಂತು. ಅದನ್ನೂ ಪಿಕ್ಸೆಲ್‌ಗೆ ಪಿಕ್ಸೆಲ್ ದೊಡ್ಡದು ಮಾಡಿದ್ದರು. ತಿಳಿಯಾಗಿತ್ತು, ನುಣ್ಣಗಿತ್ತು. ಗೆರೆ ಇರಲಿಲ್ಲ.

ಫೋಟೋ ಅಕ್ಕ ಕುರ್ಚಿಯ ತುದಿಗೆ ಬಂದರು. "ಅಣ್ಣಾ, ಎರಡನ್ನೂ ಒಂದೇ ಅಳತೆಗೆ ತಂದು..."

"ಕೂತ್ಕೋ ಪುಟ್ಟಿ" ಎಂದರು ಸಾರ್, ಮೆತ್ತಗೆ. ಆಮೇಲೆ ಮೇಡಂ ಕಡೆ ತಿರುಗಿ, "ನನ್ನ ತಂಗಿ. ಕೆಲಸದಲ್ಲಿ ಹುಷಾರು, ಅದರಲ್ಲಿ ಎರಡು ಮಾತಿಲ್ಲ. ಈ ಸಲ ಕ್ಯಾಮೆರಾ ಅವಳಿಗೆ ಮೋಸ ಮಾಡಿದೆ" ಎಂದರು. ಮೇಜಿನ ಸುತ್ತ ಇದ್ದ ನಾಲ್ಕೈದು ಜನ ಸಣ್ಣಗೆ ನಕ್ಕರು. ಒಬ್ಬ ಅಯ್ಯೋ ಪಾಪ ಎನ್ನುವ ಹಾಗೆ ಅಕ್ಕನನ್ನು ನೋಡಿದ. ಅಕ್ಕ ಕೂತರು. ಅವರ ಕಿವಿಯ ತುದಿ ಕೆಂಪಾಗಿದ್ದು ನನಗೆ ಕಂಡಿತು. ನಾಲ್ಕನೇ ಸ್ಪ್ಯಾನ್ ಸುಸ್ಥಿತಿಯಲ್ಲಿದೆ ಎಂದು ನಾನು ಬರೆದುಕೊಂಡೆ.

ವಾಪಸ್ ಬರುವಾಗ ಸಾರ್ ಕಾರಿನಲ್ಲಿ ಹೋದರು. ನಾವಿಬ್ಬರೂ ಬಸ್ಸು ಹತ್ತಿದೆವು. ಬಸ್ಸು ಅದೇ ಸೇತುವೆಯ ಮೇಲೆ ಹೋಗುವಾಗ ಅಕ್ಕ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಣ್ಣ ತಪ್ಪು ತಿಳಿದಿರಬೇಕು, ಮರೆತಿರಬೇಕು, ವಯಸ್ಸಾಯಿತಲ್ಲ, ಎಂದು ಏನೇನೋ ಹೇಳಿಕೊಳ್ಳುತ್ತಿದ್ದರು. ದಡ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದರು.

"ಎರಡು ವರ್ಷದ ಹಿಂದೆ ಅಂದ್ನಲ್ಲ ಅವನು? ಹಳೇ ಕ್ಯಾಮೆರಾ ಕೆಟ್ಟು ಮೂರು ವರ್ಷ ಆಯ್ತಲ್ವೇನೇ?"

ನಾನು ಬೆರಳು ಮಡಚಿ ಎಣಿಸಿದೆ. ಮೂರೇ.

ಮಾರನೇ ದಿನ ಸಾರ್ ಬರುವ ಮೊದಲೇ ಅಕ್ಕ ಹಳೇ ರಿಪೋರ್ಟಿನ ಫೈಲು ತೆಗೆಯಲು ಹೇಳಿದರು. ನಾಲ್ಕನೇ ಸ್ಪ್ಯಾನಿನ ಪುಟ ಬಂತು. ಅಕ್ಕ ಫೋಟೋವನ್ನು ದೊಡ್ಡದು ಮಾಡಿದರು. ಮರಳು ಅದರಲ್ಲೂ ಇತ್ತು, ಆದರೆ ಕಾಳುಗಳು ದಪ್ಪ. "ಇದು ಹೊಸ ಕ್ಯಾಮೆರಾದ ಮರಳಲ್ಲ" ಎಂದರು. ಫೈಲಿನ ವಿವರ ತೆರೆದೆವು. ಹನ್ನೆರಡು ಮೆಗಾಪಿಕ್ಸೆಲ್. ಅಕ್ಕ ಚಿತ್ರದ ಎಡಗಡೆ ಬೆರಳಿಟ್ಟರು, ಅಲ್ಲೊಂದು ನೀರಿನ ಕಲೆ, ಬೂಟಿನ ಆಕಾರದ್ದು. "ಇದು ಎರಡನೇ ಸ್ಪ್ಯಾನ್ ಕಣೇ. ನಾನೇ ತೆಗೆದಿದ್ದು, ಆರು ವರ್ಷದ ಹಿಂದೆ."

ಎರಡು ವರ್ಷದ ಹಿಂದೆ ಆಗಿದ್ದು ಆಮೇಲೆ ನಮ್ಮಿಬ್ಬರಿಗೂ ಒಟ್ಟಿಗೆ ನೆನಪಾಯಿತು. ಆಗ ನದಿ ತುಂಬಿ ಹರಿಯುತ್ತಿತ್ತು, ದೋಣಿ ನಡುವಿಗೆ ಹೋಗುವ ಹಾಗಿರಲಿಲ್ಲ. ನೀರು ಇಳಿಯಲಿ, ಆಮೇಲೆ ತೆಗೆಯುತ್ತೇನೆ ಎಂದಿದ್ದರು ಅಕ್ಕ. ರಿಪೋರ್ಟ್ ಕೊಡುವ ದಿನ ಹತ್ತಿರ ಬಂದಿತ್ತು. ಸಾರ್ ಒಂದು ಬೆಳಗ್ಗೆ ಬಂದು, "ಈ ಸಲ ನಾಲ್ಕನೇದು ಬೇಡವಂತೆ ಪುಟ್ಟಿ, ವಿಭಾಗದವರೇ ಬಿಟ್ಟುಬಿಡಿ ಅಂದ್ರು" ಎಂದಿದ್ದರು. ಅಕ್ಕ ನಂಬಿದರು. ಆ ಮಧ್ಯಾಹ್ನವೇ ಸಾರ್ ನನ್ನ ಕೈಗೆ ಒಂದು ಫೋಟೋ ಕೊಟ್ಟು, ಅದರ ಕೆಳಗೆ ಟೈಪ್ ಮಾಡಿಸಿದ್ದರು: ನಾಲ್ಕನೇ ಸ್ಪ್ಯಾನ್, ಅಡಿಭಾಗ, ಬಿರುಕು ಕಂಡುಬಂದಿಲ್ಲ. ಛಾಯಾಗ್ರಹಣ ಎಂದು ಬರೆದು ಅಕ್ಕನ ಹೆಸರು. ಟೈಪ್ ಮಾಡಿದ್ದು ನಾನು. ಬೇಡವಂತೆ ಎಂದು ಬೆಳಗ್ಗೆ ಕೇಳಿದ ಕಿವಿ, ಮಧ್ಯಾಹ್ನ ಟೈಪ್ ಮಾಡಿದ ಕೈ, ಎರಡೂ ನನ್ನವೇ. ಎರಡನ್ನೂ ಕೂಡಿಸಿ ನೋಡುವ ಗೋಜಿಗೆ ನಾನು ಹೋಗಿರಲಿಲ್ಲ. ದಿನಕ್ಕೆ ನಲವತ್ತು ಪುಟ ಟೈಪ್ ಮಾಡುವವಳು ಎಂದು ನನಗೆ ನಾನೇ ಹೇಳಿಕೊಂಡರೂ ಅದು ಈಗಲೂ ಚುಚ್ಚುತ್ತದೆ.

ಅಕ್ಕ ಎದ್ದು ಮೂಲೆಯ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದರು. ಮತ್ತೆ ತೊಳೆದರು. ಒರೆಸಿಕೊಳ್ಳದೆ ಹಾಗೇ ನಿಂತಿದ್ದರು. ಗಲ್ಲದಿಂದ ನೀರು ತೊಟ್ಟಿಕ್ಕಿ ಕುಪ್ಪಸ ನೆನೆಯಿತು.

ಸಾರ್ ಬಂದರು. ಅಕ್ಕ ಹಿಂದೆಯೇ ಒಳಗೆ ಹೋದರು, ಬಾಗಿಲು ಹಾಕಲಿಲ್ಲ.

"ಅಣ್ಣಾ, ನಿನ್ನೆ ತೋರಿಸಿದ್ದು ಎರಡನೇ ಸ್ಪ್ಯಾನ್."

ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಸುಳ್ಳು ಹೇಳಬೇಕೆಂದು ನೋಡಿದರೇನೋ, ಆಗಲಿಲ್ಲ. "ಆವಾಗ ನೀರು ಬಂದಿತ್ತು. ಏನ್ ಮಾಡ್ಲಿ ಹೇಳು? ನಾಲ್ಕು ವರ್ಷ ಏನೂ ಇಲ್ಲದ ಸೇತುವೆ, ಆ ವರ್ಷಾನೂ ಏನೂ ಇರಲ್ಲ ಅಂದ್ಕೊಂಡೆ."

"ನನ್ನ ಹೆಸರು ಹಾಕಿದೆ."

"ಫೋಟೋ ನೀನೇ ತೆಗೆದಿದ್ದು ತಾನೇ?"

"ಈಗ ಬಿರುಕು ಇದೆ. ಅದು ಮರಳಲ್ಲ. ನಿಂಗೂ ಗೊತ್ತು."

"ಬಿರುಕು ಇದೆ ಅಂದ್ರೆ ಹೋದ ಸಲದ ಫೋಟೋ ಕೇಳ್ತಾರೆ, ಕೂತು ನೋಡ್ತಾರೆ. ನಾನು ಎಲ್ಲಿ ಮುಖ ಇಟ್ಕೊಳ್ಳಲಿ? ಸ್ವಲ್ಪ ದಿನ ಹೋಗ್ಲಿ ಪುಟ್ಟಿ. ಮುಂದಿನ ಪರೀಕ್ಷೇಲಿ ನಾವೇ ಹೊಸದಾಗಿ ಕಂಡುಹಿಡಿದ ಹಾಗೆ ಹೇಳೋಣ. ಎಲ್ಲಾ ಸರಿಹೋಗುತ್ತೆ."

"ಮುಂದಿನ ಪರೀಕ್ಷೆ ಎರಡು ವರ್ಷಕ್ಕೆ. ಅದರ ಮೇಲೆ ಬಸ್ಸು ಹೋಗ್ತಿದೆ ಅಣ್ಣಾ. ನಿನ್ನೆ ನಾನೇ ಅದರಲ್ಲಿ ಕೂತಿದ್ದೆ."

"ಮನೆ ಮಾತು ಬೀದಿಗೆ ತರಬೇಡ" ಎಂದರು ಸಾರ್. ಅವರ ದನಿ ಆಗ ಮೊದಲ ಬಾರಿಗೆ ಗಡುಸಾಗಿತ್ತು. "ನಿಂಗೆ ಕ್ಯಾಮೆರಾ ಹಿಡಿಯೋಕೆ ಕಲಿಸಿದ್ದು ಯಾರು ಅನ್ನೋದು ಮರೀಬೇಡ."

ಅಕ್ಕ ಹೊರಗೆ ಬಂದು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡರು. ನನ್ನನ್ನು ನೋಡಿ, "ಬರ್ತೀಯಾ?" ಎಂದರು. ನಾನು ಕಂಪ್ಯೂಟರ್ ಆರಿಸದೆ ಹಾಗೇ ಎದ್ದೆ.

ದೋಣಿಯ ತಾತ ನಮ್ಮನ್ನು ನಾಲ್ಕನೇ ಕಂಬದ ಬುಡಕ್ಕೆ ಕರೆದೊಯ್ದ. ಅಲ್ಲಿ ಕಂಬದ ಸುತ್ತ ಎರಡು ಮೊಳ ಅಗಲದ ಕಟ್ಟೆಯಿದೆ, ಪಾಚಿ ಕಟ್ಟಿ ಜಾರುತ್ತದೆ. ಈಜು ಬಾರದ ಅಕ್ಕ ಅದರ ಮೇಲೆ ಹತ್ತಿ ಟ್ರೈಪಾಡ್ ನಿಲ್ಲಿಸಿದರು. ನಾನು ಕಟ್ಟೆಯ ಮೇಲೆ ಕೂತು ಅದರ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದೆ. ಮೇಲೆ ಬಸ್ಸು ಹೋದಾಗಲೆಲ್ಲ ಕಂಬ ನಡುಗಿ, ಆ ನಡುಕ ನನ್ನ ಹಲ್ಲಿಗೆ ತಾಗುತ್ತಿತ್ತು. ಹಾಗಾಗಿ ಶಟರನ್ನು ಬಹಳ ಹೊತ್ತು ತೆರೆದಿಡುವ ಹಾಗೂ ಇರಲಿಲ್ಲ. ಅದೇ ಜಾಗದ ಹದಿನಾರು ಫೋಟೋಗಳನ್ನು ಒಂದರ ಹಿಂದೆ ಒಂದು, ಸಣ್ಣಸಣ್ಣದಾಗಿ ತೆಗೆದರು.

"ಹದಿನಾರು ಯಾಕೆ?"

"ಮರಳಿಗೆ ನೆನಪಿರಲ್ಲ. ಒಂದು ಫೋಟೋದಲ್ಲಿ ಇಲ್ಲಿ ಬಿದ್ರೆ ಇನ್ನೊಂದ್ರಲ್ಲಿ ಅಲ್ಲಿ ಬೀಳುತ್ತೆ. ಹದಿನಾರನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದ್ರೆ ಅದು ಕಾಲು ಭಾಗಕ್ಕೆ ಇಳಿಯುತ್ತೆ. ಬಿರುಕಾದ್ರೆ ಇದ್ದ ಕಡೆನೇ ಇರುತ್ತೆ."

ಸಂಜೆ ಅವರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹದಿನಾರನ್ನೂ ಸೇರಿಸಿದರು. ಮಂಜು ಸರಿದ ಹಾಗೆ ಮರಳು ಸರಿಯಿತು. ಗೆರೆ ಉಳಿಯಿತು. ಕಂಬದ ತಲೆಯಿಂದ ತೊಲೆಯ ಮೈಮೇಲೆ ಓರೆಯಾಗಿ ಹತ್ತಿ, ತುದಿಯಲ್ಲಿ ಎರಡಾಗಿ ಕವಲೊಡೆದಿತ್ತು. ಅಕ್ಕ ಖುಷಿಪಡಲಿಲ್ಲ. ಮೇಜಿಗೆ ಎರಡೂ ಮೊಣಕೈ ಊರಿ, "ಇಲ್ಲದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು. "ನಂದೇ ತಪ್ಪಾಗಿದ್ರೆ ಚೆನ್ನಾಗಿತ್ತು ಕಣೇ."

ದೊಡ್ಡ ಮೇಡಂ ಹತ್ತಿರ ಅವರೊಬ್ಬರೇ ಹೋದರು. ಅಣ್ಣನ ಹೆಸರೆತ್ತಬಾರದು, ಬಿರುಕಿನ ವಿಷಯ ಮಾತ್ರ ಹೇಳಿ ಬಂದುಬಿಡಬೇಕು ಎಂದು ಮನಸ್ಸು ಮಾಡಿಕೊಂಡೇ ಹೋಗಿದ್ದರಂತೆ. ಮೇಡಂ ಆ ಚಿತ್ರ ನೋಡಿ ಕುರ್ಚಿಯಿಂದ ಎದ್ದರಂತೆ.

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ಅವತ್ತು ಅಣ್ಣ ಮಾತಾಡ್ತಿದ್ದ."

ಮೇಡಂ ಹಳೇ ರಿಪೋರ್ಟು ತರಿಸಿ, ಗೆರೆಯಿಲ್ಲದ ಆ ನುಣುಪು ಫೋಟೋವನ್ನು ಮುಂದಿಟ್ಟರು. "ಎರಡೇ ವರ್ಷದಲ್ಲಿ ಇಷ್ಟು ಬಿರುಕು ಬಿಟ್ಟಿದ್ರೆ ಇವತ್ತೇ ಎಲ್ಲಾ ಗಾಡಿ ನಿಲ್ಲಿಸಬೇಕಾಗುತ್ತೆ. ಅದಕ್ಕಿಂತ ಮೊದಲಿಂದ ಇದ್ದಿದ್ರೆ ಬೇರೆ ಲೆಕ್ಕ. ಇದು ಯಾವಾಗ ತೆಗೆದಿದ್ದು, ಸರಿಯಾಗಿ ಹೇಳಿ."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಕ್ಕ ಹೇಳಿದರು. ಸಂಜೆ ಮೇಡಂ ನನಗೆ ಫೋನ್ ಮಾಡಿ, ಫೋಟೋದ ಕೆಳಗಿನ ಸಾಲು ಟೈಪ್ ಮಾಡಿದ್ದು ಯಾರು, ಹೇಳಿದ್ದು ಯಾರು ಎಂದು ಕೇಳಿದರು. ನಾನೂ ಹೇಳಿದೆ.

ಎರಡು ದಿನದಲ್ಲಿ ಅಟ್ಟಣಿಗೆ ಕಟ್ಟಿ ಅವರ ಜನರೇ ಮೇಲೆ ಹತ್ತಿ ಅಳೆದರು. ಬಿರುಕಿನೊಳಗೆ ಪೋಸ್ಟ್ ಕಾರ್ಡ್ ಹೋಗುತ್ತಿತ್ತು. ಅವತ್ತೇ ಸೇತುವೆಯ ಮೇಲೆ ಬಸ್ಸು ಲಾರಿ ನಿಂತವು. ಊರಿನವರು ಎಂಟು ಮೈಲಿ ಸುತ್ತಿ ಬಳಸಿ ಹೋಗಬೇಕಾಯಿತು. ಯಾರೋ ತಲೆಕೆಟ್ಟವರು ಸುಮ್ಮನಿದ್ದ ಸೇತುವೆ ಮುಚ್ಚಿಸಿದರು ಎಂದು ಜನ ಬಾಯಿಗೆ ಬಂದ ಹಾಗೆ ಬೈದರು. ಬೇಕರಿಯವನೂ ಬೈದ, ಅಕ್ಕನ ಎದುರಿಗೇ. ಅಕ್ಕ ಬ್ರೆಡ್ಡು ತೆಗೆದುಕೊಂಡು ಬಂದರು. ಸಾರ್ ಲೈಸೆನ್ಸ್ ಅಮಾನತಾಯಿತು, ವಿಚಾರಣೆ ಶುರುವಾಯಿತು.

ಹದಿನೈದು ದಿನ ಅಣ್ಣನಿಂದ ಫೋನಿಲ್ಲ, ಮಾತಿಲ್ಲ. ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. ಅಕ್ಕ ಫೋನ್ ಮಾಡಿದರೆ, "ಅಪ್ಪನ ಜಾಗದಲ್ಲಿ ನಿಂತು ಸಾಕಿದನಲ್ಲೇ ನಿನ್ನ" ಎಂದಿಷ್ಟು ಹೇಳಿ ಅಮ್ಮ ಇಟ್ಟುಬಿಡುತ್ತಿದ್ದರು.

ಒಂದು ಭಾನುವಾರ, ಕಚೇರಿಯಲ್ಲಿದ್ದ ಅಕ್ಕನ ಲೋಟ, ಲೆನ್ಸ್ ಒರೆಸುವ ಬಟ್ಟೆ ಎಲ್ಲ ಒಂದು ಡಬ್ಬದಲ್ಲಿ ತುಂಬಿಕೊಂಡು ನಾನು ಅವರ ಮನೆಗೆ ಹೋಗಿದ್ದೆ. ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಸಾರ್ ನಿಂತಿದ್ದರು. ಗಡ್ಡ ಬಿಟ್ಟಿದ್ದರು, ಸೊರಗಿದ್ದರು. ಅಕ್ಕನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಏನು ಮಾಡಬೇಕೆಂದು ತೋಚದೆ ಕುರ್ಚಿಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಹಾಸಿಗೆಗೆ ಎಸೆದರು. "ಕೂತ್ಕೋ ಅಣ್ಣಾ. ಕಾಫಿ ಮಾಡ್ತೀನಿ. ಸಕ್ಕರೆ ಬಿಟ್ಟಿದೀಯೋ ಇನ್ನೂ ಹಾಕ್ಕೋತೀಯೋ?" ಒಳಗೆ ಹೋಗುತ್ತ ನನ್ನ ಕಿವಿಯಲ್ಲಿ, "ಬಂದ ನೋಡು" ಎಂದರು. ಕ್ಷಮೆ ಕೇಳಲು ಬಂದಿದ್ದಾನೆ ಎಂದೇ ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದೆ.

ಕಾಫಿ ಅರ್ಧ ಮುಗಿದ ಮೇಲೆ ಸಾರ್ ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದರು. "ಇದಕ್ಕೊಂದು ಸಹಿ ಹಾಕಿಬಿಡು ಪುಟ್ಟಿ."

ಅಕ್ಕ ಓದಿದರು. ಎರಡು ವರ್ಷದ ಹಿಂದೆ ನಾಲ್ಕನೇ ಸ್ಪ್ಯಾನಿನ ಬದಲು ಹಳೆಯ ಫೋಟೋ ಕೊಟ್ಟವಳು ನಾನೇ, ಗಡಿಬಿಡಿಯಲ್ಲಿ ಕಡತ ಅದಲುಬದಲಾಯಿತು, ಎಂಜಿನಿಯರ್ ಅವರಿಗೆ ಇದು ತಿಳಿದಿರಲಿಲ್ಲ ಎಂದು ಅದರಲ್ಲಿತ್ತು.

"ನಿಂಗೇನೂ ಆಗಲ್ಲ" ಎಂದರು ಸಾರ್. "ನೀನು ಫೋಟೋಗ್ರಾಫರ್. ನಿಂಗೆ ಲೈಸೆನ್ಸ್ ಅಂತ ಇಲ್ಲ, ಕಳ್ಕೊಳ್ಳೋಕೆ ಏನೂ ಇಲ್ಲ. ನಂಗೆ ಇದೆ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅಕ್ಕ ಹಾಳೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಮತ್ತೊಮ್ಮೆ ಮೊದಲಿನಿಂದ ಓದಿದರು.

"ಇದನ್ನ ಟೈಪ್ ಮಾಡಿದ್ದು ಯಾರು?"

"ನಾನೇ. ಯಾರ ಹತ್ರ ಮಾಡಿಸ್ಲಿ?"

ಅಕ್ಕ ಪೆನ್ನು ತೆಗೆದುಕೊಂಡರು. ಸಹಿ ಹಾಕಿಯೇಬಿಡುತ್ತಾರೆ ಎಂದುಕೊಂಡೆ. ಅವರು ಎರಡನೇ ಸಾಲಿನಲ್ಲಿ ತಪ್ಪಾಗಿದ್ದ ಒಂದು ಒತ್ತಕ್ಷರವನ್ನು ತಿದ್ದಿದರು, ಕೆಳಗೆ ಇನ್ನೊಂದನ್ನು ತಿದ್ದಿದರು, ಸಹಿಯ ಜಾಗ ಹಾಗೇ ಬಿಟ್ಟು ಹಾಳೆಯನ್ನು ಮೊದಲಿನ ಮಡಿಕೆಗೇ ಮಡಚಿ ಅಣ್ಣನ ಕೈಗೆ ಕೊಟ್ಟರು. "ಕಾಫಿ ಆರುತ್ತೆ, ಕುಡಿ" ಎಂದರು. ಸಾರ್ ಕುಡಿಯದೆ ಎದ್ದು ಹೋದರು. ಅಕ್ಕ ಮೆಟ್ಟಿಲ ತನಕ ಹೋಗಿ ಬಂದು, ಆ ಲೋಟವನ್ನು ತೊಳೆಯುತ್ತ ತೊಳೆಯುತ್ತ, ಮೊದಲ ಬಾರಿಗೆ ಅತ್ತರು. ಮೀಟಿಂಗಿನಲ್ಲಿ ಮಾಡಿದ್ದನ್ನು ಹೆದರಿಕೆ ಎಂದುಕೊಂಡು ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಇದು ಕೂತು, ಯೋಚಿಸಿ, ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ ಮಾಡಿದ್ದಲ್ಲವೇ ಎಂದರು.

ಕಚೇರಿ ಮುಚ್ಚಿತು. ನನಗೆ ಒಬ್ಬ ವಕೀಲರ ಹತ್ತಿರ ಕೆಲಸ ಸಿಕ್ಕಿತು. ಸಾರ್ ಲೈಸೆನ್ಸ್ ವಾಪಸ್ ಬರಲಿಲ್ಲ, ಸಿಮೆಂಟಿನ ಗೋದಾಮೊಂದರಲ್ಲಿ ಮೇಲ್ವಿಚಾರಣೆಗೆ ಸೇರಿದರು. ಸೇತುವೆಯ ರಿಪೇರಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬಿರುಕು ಒಳಗೆ ಎಷ್ಟು ದೂರ ಹೋಗಿತ್ತು ಎನ್ನುವುದು ಕಾಂಕ್ರೀಟು ಒಡೆದಾಗಲೇ ಗೊತ್ತಾಗಿದ್ದು. ಅದನ್ನು ಕೇಳಿದ ಮೇಲೆ ಬೈಯುವವರು ಸುಮ್ಮನಾದರು. ದೊಡ್ಡ ಮೇಡಂ ಅಕ್ಕನನ್ನೇ ಕರೆದು ತಮ್ಮ ವಿಭಾಗದ ಫೋಟೋ ಕೆಲಸ ಕೊಟ್ಟರು. ಈಗಲೂ ಅವರು ದೋಣಿಯಲ್ಲಿ ಅಂಗಾತ ಮಲಗಿ ಕೆಲಸ ಮಾಡುತ್ತಾರೆ. ಪ್ರತಿ ಫೋಟೋದ ಮೂಲೆಯಲ್ಲಿ ತಾರೀಖು, ಸ್ಪ್ಯಾನಿನ ನಂಬರು ಬರೆದ ಸ್ಲೇಟು ಕಾಣುವಂತೆ ಹಿಡಿಯುವುದು ಆಮೇಲೆ ಬಂದ ಅಭ್ಯಾಸ.

ಅಣ್ಣ ತಂಗಿ ಮಾತು ಬಿಟ್ಟಿಲ್ಲ. ಅಮ್ಮನ ದೆಸೆಯಿಂದ ತಿಂಗಳಿಗೊಮ್ಮೆ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಆ ಹಾಳೆಯ ವಿಷಯ ಇಬ್ಬರೂ ಎತ್ತಿಲ್ಲ. ಹೋದ ವಾರ ಸಿಕ್ಕಾಗ ನಾನು, "ಸಿಟ್ಟು ಹೋಯ್ತಾ ಅಕ್ಕ?" ಎಂದು ಕೇಳಿಯೇಬಿಟ್ಟೆ.

"ಸಿಟ್ಟು ಯಾವತ್ತೋ ಹೋಯ್ತು" ಎಂದರು. "ಮೊನ್ನೆ ಅವನೇ ಫೋನ್ ಮಾಡಿದ್ದ. ಅಮ್ಮಂಗೆ ಜ್ವರ ಬಂದಿತ್ತು, ಈಗ ಇಳಿದಿದೆ, ಚೆನ್ನಾಗಿದಾರೆ, ನೀನು ಬರೋದೇನೂ ಬೇಡ ಅಂದ. ಸರಿ ಅಂತ ಫೋನ್ ಇಟ್ಟೆ. ಆಮೇಲೆ ಚಪ್ಪಲಿ ಹಾಕ್ಕೊಂಡು ಬಸ್ ಹತ್ತಿದೆ, ಎರಡು ಬಸ್ ಬದಲಾಯಿಸಿ ಹೋದೆ. ಅಮ್ಮನ ಹಣೆ ಮುಟ್ಟಿ ನೋಡ್ದೆ. ಜ್ವರ ಇರಲಿಲ್ಲ. ಅವನು ಹೇಳಿದ್ದು ನಿಜಾನೇ ಆಗಿತ್ತು."